ತಲಪಾಡಿ ಗಡಿ ದಾಟಿ ಬಂದವರಿಗೆ: ಎರಡು ಸರ್ಕಾರಗಳ ನಡುವೆ ಸಂಸಾರ

ಕೆಲಸವೋ, ಮದುವೆಯೋ, ಅಂಗಡಿಯೋ, ಯಾವ ಕಾರಣಕ್ಕೆ ಕಾಸರಗೋಡಿಗೆ ಬಂದಿದ್ದರೂ ಇದು ಗೊತ್ತಿರಲಿ. ಇಲ್ಲಿ ನಿಮ್ಮ ಜೇಬಿನ ಮೇಲೆ ತಿರುವನಂತಪುರಕ್ಕೂ ಹಿಡಿತವಿದೆ, ಬೆಂಗಳೂರಿಗೂ ಇದೆ. ಯಾವ ಕಡೆ ಏನು ಬದಲಾದರೂ ನಮ್ಮ ಲೆಕ್ಕ ಬದಲಾಗುತ್ತದೆ.

ಮೊದಲು ಆಧಾರ್ ವಿಳಾಸ. ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ, 2023ರ ಜೂನ್‌ನಲ್ಲಿ ಶುರುವಾದ ಕರ್ನಾಟಕದ ಶಕ್ತಿ ಯೋಜನೆಗೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಅದಿದ್ದರೂ ಕಾಸರಗೋಡು–ಮಂಗಳೂರು ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ತಪ್ಪುವುದಿಲ್ಲ, ಅದು ಅಂತರರಾಜ್ಯ ಬಸ್ಸು. ಮನೆಯೊಡತಿಗೆ ತಿಂಗಳಿಗೆ ಸಿಗುವ ಗೃಹಲಕ್ಷ್ಮಿಯ 2,000 ರೂಪಾಯಿಯೂ ಅಲ್ಲಿನ ರೇಷನ್ ಕಾರ್ಡ್ ನೋಡಿಯೇ ಬರುವುದು. ಸ್ವಲ್ಪ ಕಾಲಕ್ಕೆ ಮಾತ್ರ ಬಂದಿದ್ದರೆ ವಿಳಾಸ ಬದಲಿಸಲು ಅವಸರ ಬೇಡ. ಇಲ್ಲೇ ನೆಲೆಸುವುದಾದರೆ ಸುಮ್ನೆ ಮುಂದೂಡಬೇಡಿ, ಕೇರಳ ಸರ್ಕಾರದ ಸೇವಾ ಕೇಂದ್ರವಾದ ಅಕ್ಷಯ ಕೇಂದ್ರಕ್ಕೆ ಹೋಗಿ ಮುಗಿಸಿ. ಎರಡೂ ಕಡೆ ಕಾರ್ಡ್ ಇಟ್ಟುಕೊಳ್ಳುವ ಜಾಣತನ ಮಾತ್ರ ಬೇಡ.

ಪೆಟ್ರೋಲಿನ ಗುಟ್ಟು ನಿಮಗೇ ಬೇಗ ತಿಳಿಯುತ್ತದೆ. 2023ರ ಏಪ್ರಿಲ್‌ನಲ್ಲಿ ಕೇರಳ ಲೀಟರಿಗೆ 2 ರೂಪಾಯಿ ಸೆಸ್ ಹಾಕಿದ ಮೇಲಂತೂ ಕೇರಳದ ಗಾಡಿಗಳು ಟ್ಯಾಂಕ್ ತುಂಬಿಸಲು ತಲಪಾಡಿಯ ಆಚೆ ಹೋಗುತ್ತವೆ. ಕರ್ನಾಟಕದ ನಂಬರಿನ ಗಾಡಿಯನ್ನು ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಮರುನೋಂದಣಿ ಮಾಡಿಸಬೇಕು.

ಆಸ್ಪತ್ರೆಯ ವಿಷಯ ಇಷ್ಟು ಹಗುರವಲ್ಲ. ದೊಡ್ಡ ಕಾಯಿಲೆ ಬಂದರೆ ಇಲ್ಲಿನವರು ಮೊದಲಿನಿಂದಲೂ ಮಂಗಳೂರಿಗೇ ಹೋಗುವವರು. 2020ರ ಮಾರ್ಚ್‌ನಲ್ಲಿ ಕೋವಿಡ್ ಭಯಕ್ಕೆ ಕರ್ನಾಟಕ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು. ಆಂಬುಲೆನ್ಸ್‌ಗಳು ತಲಪಾಡಿಯಿಂದ ವಾಪಸಾದವು, ಚಿಕಿತ್ಸೆ ಸಿಗದೆ ಕೆಲವರು ತೀರಿಕೊಂಡರು. ಜಗಳ ಹೈಕೋರ್ಟು, ಸುಪ್ರೀಂ ಕೋರ್ಟುವರೆಗೆ ಹೋದ ಮೇಲೆ ತುರ್ತು ರೋಗಿಗಳಿಗೆ ದಾರಿ ಬಿಟ್ಟರು. ಕಟ್ಟುತ್ತಲೇ ಇದ್ದ ಕಾಸರಗೋಡು ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನಲ್ಲಿ ಅದೇ ಏಪ್ರಿಲ್‌ನಲ್ಲಿ ಕೋವಿಡ್ ಆಸ್ಪತ್ರೆ ಶುರುವಾಯಿತು. ಪೆಟ್ಟು ಬಿದ್ದ ಮೇಲೆಯೇ ನಮಗೆ ಇಂಥವು ಸಿಗುವುದು! ಹಾಗಾಗಿ ಮಂಗಳೂರಿನ ಡಾಕ್ಟರು ಇರಲಿ, ಆದರೆ ಗಡಿಯ ಈಚೆಯೂ ಒಬ್ಬ ಡಾಕ್ಟರಿಗೆ ನಿಮ್ಮ ಫೈಲು ಪರಿಚಯ ಇರಲಿ. ನಿಮ್ಮ ವಿಮೆ ಎರಡೂ ಕಡೆ ನಡೆಯುತ್ತದೆಯೇ ಎಂದು ಈಗಲೇ ವಿಚಾರಿಸಿ. ಡಯಾಲಿಸಿಸ್‌ನಲ್ಲಿರುವವರು ಮನೆಯಲ್ಲಿದ್ದರೆ ಬಾಡಿಗೆಮನೆ ನೋಡುವಾಗಲೇ ಇದನ್ನು ಯೋಚಿಸಬೇಕು.

ಅಡಿಕೆ ಬೆಳೆಯುವ ಬದಿಯಡ್ಕ, ಪೆರ್ಲದ ಕಡೆ ಅಂಗಡಿ ಇಡುವವರು ಅಡಿಕೆ ಧಾರಣೆ ಓದಲು ಕಲಿಯಿರಿ, ನೀವು ಮಾರುವುದು ಬಟ್ಟೆಯಾದರೂ ಸರಿ. ರೇಟು ಬಿದ್ದರೆ ಮೊದಲು ನಿಲ್ಲುವುದು ಮನೆ ರಿಪೇರಿ, ಆಮೇಲೆ ಬಟ್ಟೆಬರೆ. ಸಾಲದ ಪುಸ್ತಕ ದಪ್ಪವಾಗುತ್ತದೆ. 1970ರ ದಶಕದ ಆರಂಭದಲ್ಲಿ ಧಾರಣೆ ಕುಸಿದಾಗ ಬೆಳೆಗಾರರು ಒಟ್ಟಾಗಿ 1973ರಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಕಟ್ಟಿದರು. ಕರ್ನಾಟಕ, ಕೇರಳ ಎರಡೂ ಅದರಲ್ಲಿ ಸೇರಿವೆ. ಎರಡು ಸರ್ಕಾರ ಒಟ್ಟಿಗೆ ನಿಂತ ಅಪರೂಪದ ಕೆಲಸ, ಅಲ್ವಾ? ಹೊರಗಿನ ಅಡಿಕೆ ಅಗ್ಗಕ್ಕೆ ನುಗ್ಗಬಾರದೆಂದು 2023ರಲ್ಲಿ ಕೇಂದ್ರವು ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಇಂಥ ಸುದ್ದಿ ಬಂದ ದಿನ ತೋಟದವರು ಅಡಿಕೆ ಮಾರದೆ ಕಾಯುತ್ತಾರೆ. ನಿಮ್ಮ ಬಾಕಿಯೂ ಅವರ ಜೊತೆ ಕಾಯುತ್ತದೆ.

ಕೊನೆಗೆ ಬ್ಯಾಂಕು. ಊರಿನ ಸಹಕಾರಿ ಸಂಘದಲ್ಲಿ ಖಾತೆ ತೆರೆಯಿರಿ, ಸಾಲಕ್ಕೂ ಪರಿಚಯಕ್ಕೂ ಅದು ಬೇಕು. ಆದರೆ 2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ ಈ ಸಂಘಗಳಿಗೆ ಹಳೆ ನೋಟು ಬದಲಿಸಿ ಕೊಡುವ ಅವಕಾಶ ಸಿಗಲಿಲ್ಲ. ಅಲ್ಲಿ ಮಾತ್ರ ದುಡ್ಡಿಟ್ಟವರು ಕೈಕೈ ಹಿಸುಕಿಕೊಂಡರು. ಬೇರೊಂದು ಬ್ಯಾಂಕಿನ ಪಾಸ್‌ಬುಕ್ಕೂ ಮನೆಯಲ್ಲಿರಲಿ.