ಎಪ್ಪತ್ತರ ದಶಕದ ಸೋಲ್ ಹಾಡನ್ನು ಮನೆಯಲ್ಲೇ ಕಟ್ಟುವುದು ಹೇಗೆ

ಸೋಲ್ ಅಂದರೆ ಅಮೆರಿಕದ ಕಪ್ಪು ಜನರಿಂದ ಬಂದ ಒಂದು ಹಾಡಿನ ಶೈಲಿ. ಅಮೆರಿಕದ ಗಾಯಕರಾದ ಬ್ರೂನೋ ಮಾರ್ಸ್ ಮತ್ತು ಆಂಡರ್ಸನ್ ಪಾಕ್ ‘ಸಿಲ್ಕ್ ಸೋನಿಕ್’ ಅನ್ನುವ ಹೆಸರಿನಲ್ಲಿ ಎಪ್ಪತ್ತರ ದಶಕದ ಸೋಲ್ ಶೈಲಿಯ ‘ಲೀವ್ ದ ಡೋರ್ ಓಪನ್’ ಹಾಡನ್ನು 2021ರ ಮಾರ್ಚ್ 5ರಂದು ಬಿಡುಗಡೆ ಮಾಡಿದರು. ಅದು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ಮರುವರ್ಷ ನಾಲ್ಕು ಗ್ರ್ಯಾಮಿ ಪ್ರಶಸ್ತಿ ಬಂತು. ನಾನು ರಸಮಂಜರಿ ತಂಡದಲ್ಲಿ ಕೀಬೋರ್ಡ್ ನುಡಿಸುವವನು. ಮನೆಯಲ್ಲಿ ರೆಕಾರ್ಡಿಂಗ್ ಮಾಡುವ ಹುಡುಗರು ಈ ಹಾಡಿನ ಬಗ್ಗೆ ನನ್ನನ್ನು ಕೇಳುವುದು ಒಂದೇ ಮಾತು: ‘ಸರ್, ಆ ಹಳೇ ಸೌಂಡ್‌ಗೆ ಯಾವ ಪ್ಲಗಿನ್ ಹಾಕಬೇಕು?’ ಪ್ಲಗಿನ್, ಅಂದರೆ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೆ ಸೇರಿಸಿ ಸದ್ದು ಬದಲಿಸುವ ಪುಟ್ಟ ಪ್ರೋಗ್ರಾಮ್, ಅದನ್ನು ಕೊನೆಗೆ ನೋಡೋಣ. ಆ ಸೌಂಡ್‌ನ ಗುಟ್ಟು ಬೇರೆ ಕಡೆ ಇದೆ. ಯಾವ ವಾದ್ಯ ಯಾವಾಗ ಸುಮ್ಮನಿರುತ್ತದೆ ಅನ್ನುವುದನ್ನು ಗಮನಿಸಿ, ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಹೆಡ್‌ಫೋನ್ ಹಾಕಿಕೊಂಡು ಆ ಹಾಡನ್ನು ಹಲವು ಸಲ ಕೇಳಿ. ಪ್ರತಿ ಸಲ ಒಂದೇ ವಾದ್ಯದ ಹಿಂದೆ ಹೋಗಿ. ಒಮ್ಮೆ ಬರೀ ಬೇಸ್ ಗಿಟಾರ್. ಒಮ್ಮೆ ಬರೀ ಹಿನ್ನೆಲೆ ದನಿಗಳು. ಒಮ್ಮೆ ಬರೀ ವಯಲಿನ್‌ಗಳು. ಯಾರು ಎಲ್ಲಿ ಬಂದರು, ಎಲ್ಲಿ ನಿಂತರು ಅಂತ ಕಾಗದದ ಮೇಲೆ ಗುರುತು ಹಾಕಿ. ಈ ಕೆಲಸ ಬೇಜಾರು ಅನಿಸಬಹುದು, ಆದರೂ ಬಿಡಬೇಡಿ. ನನಗೆ ಅರೇಂಜ್‌ಮೆಂಟ್, ಅಂದರೆ ಯಾವ ವಾದ್ಯ ಎಲ್ಲಿ ಏನು ನುಡಿಸಬೇಕು ಅನ್ನುವುದನ್ನು, ಕಲಿಸಿದ್ದು ಇಂಥ ಕಾಗದಗಳೇ.

ಈಗ ವೇಗ. ತಾಳಕ್ಕೆ ಕ್ಲಿಕ್ ಕ್ಲಿಕ್ ಅನ್ನುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 74 ಪೆಟ್ಟಿನ ಹತ್ತಿರ ಇಡಿ. ತುಂಬಾ ನಿಧಾನ ಅನಿಸುತ್ತದೆ, ಕೈ ಮುಂದೆ ಓಡುತ್ತದೆ. ಎರಡನೇ ಮತ್ತು ನಾಲ್ಕನೇ ಪೆಟ್ಟಿಗೆ ಚಪ್ಪಾಳೆ ತಟ್ಟುತ್ತಾ ಯಾವುದಾದರೂ ಗೊತ್ತಿರುವ ಹಾಡು ಹಾಡಿ. ಆ ನಿಧಾನದಲ್ಲಿ ಆರಾಮಾಗಿ ಉಸಿರಾಡುವ ತನಕ ವಾದ್ಯ ಮುಟ್ಟಬೇಡಿ.

ಡ್ರಮ್ಸ್ ಬಗ್ಗೆ ಜಾಸ್ತಿ ಹೇಳಬೇಕು. ಈ ಶೈಲಿ ಗೆಲ್ಲುವುದೂ ಸೋಲುವುದೂ ಅಲ್ಲೇ. ಆಂಡರ್ಸನ್ ಪಾಕ್ ಮೊದಲಿನಿಂದಲೂ ಡ್ರಮ್ಮರ್, ನುಡಿಸುತ್ತಲೇ ಹಾಡುವವರು. ಅಮೆರಿಕದ ಮೆಂಫಿಸ್‌ನ ರಾಯಲ್ ಸ್ಟುಡಿಯೋದಲ್ಲಿ ಸಂಗೀತ ನಿರ್ಮಾಪಕ ವಿಲ್ಲಿ ಮಿಚೆಲ್ ಅವರು ಸೋಲ್ ಗಾಯಕ ಆಲ್ ಗ್ರೀನ್ ಅವರ ಹಾಡುಗಳನ್ನು ರೆಕಾರ್ಡ್ ಮಾಡಿದ್ದನ್ನು ಕೇಳಿ. ಪೆಟ್ಟು ಬಿದ್ದ ತಕ್ಷಣ ಸದ್ದು ಮುಗಿಯುತ್ತದೆ. ಗುಂಯ್ ಅನ್ನುವ ಬಾಲವೇ ಇಲ್ಲ. ಮನೆಯಲ್ಲಿ ಹೀಗೆ ಮಾಡಿ: ಸ್ನೇರ್, ಅಂದರೆ ಚರ್ ಅನ್ನುವ ಚಿಕ್ಕ ಡ್ರಮ್, ಅದರ ಮೇಲೆ ಒಂದು ತೆಳು ಟವೆಲ್ ಅಥವಾ ಹಳೇ ಪರ್ಸ್ ಇಡಿ. ಬೇಸ್ ಡ್ರಮ್‌ನ ಮುಂದಿನ ಹೊದಿಕೆ ಬಿಚ್ಚಿ ಒಳಗೆ ದಿಂಬು ತುರುಕಿ. ಜೋರಾಗಿ ಹೊಡೆಯಬೇಡಿ. ಮೈಕ್ ಎರಡೇ ಸಾಕು, ಬೇಸ್ ಡ್ರಮ್ ಮುಂದೆ ಒಂದು, ತಲೆ ಮೇಲೆ ಒಂದು. ಸ್ನೇರ್ ಪೆಟ್ಟು ಮೆಟ್ರೊನೋಮ್‌ನ ಕ್ಲಿಕ್‌ಗಿಂತ ಕೂದಲೆಳೆಯಷ್ಟು ತಡವಾಗಿ ಬೀಳಲಿ. ಆಮೇಲೆ ಕಂಪ್ಯೂಟರ್‌ನಲ್ಲಿ ಅದನ್ನು ತಾಳದ ಗೆರೆಗೆ ಎಳೆದು ಕೂರಿಸಬೇಡಿ, ದಯವಿಟ್ಟು. ಮನುಷ್ಯನ ಕೈ ಅಲ್ಲಿ ಇದೆ ಅನ್ನುವುದೇ ಈ ಸಂಗೀತದ ಜೀವ.

ಡ್ರಮ್ ಸೆಟ್ ಇಲ್ಲವಾ? ಎಲೆಕ್ಟ್ರಾನಿಕ್ ಡ್ರಮ್ ಪ್ಯಾಡ್ ಮೇಲೆ ಕೈಯಿಂದಲೇ ನುಡಿಸಿ. ಹಾಡಿನ ಉದ್ದಕ್ಕೂ ನುಡಿಸಿ. ನಾಲ್ಕು ಬಾರ್ (ನಾಲ್ಕು ಪೆಟ್ಟಿನ ಒಂದು ಸುತ್ತು ಅಂದರೆ ಒಂದು ಬಾರ್) ನುಡಿಸಿ ಅದನ್ನೇ ಕಾಪಿ ಮಾಡಬೇಡಿ.

ಬೇಸ್ ಗಿಟಾರ್‌ಗೆ ಫ್ಲಾಟ್‌ವೌಂಡ್ ತಂತಿ ಹಾಕಿ. ಅದು ನುಣುಪಾದ ತಂತಿ, ಕಿರ್ ಅನ್ನುವುದಿಲ್ಲ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಹಳೆಯ ತಂತಿಗಳನ್ನು ಬದಲಾಯಿಸದೆ ನುಡಿಸುತ್ತಿದ್ದದ್ದು ಬೇಸ್ ನುಡಿಸುವವರಿಗೆಲ್ಲ ಗೊತ್ತಿರುವ ವಿಷಯ. ತಂತಿಗಳ ಕೆಳಗೆ, ಅವನ್ನು ಹೊತ್ತ ಕುದುರೆಯ (ಬ್ರಿಜ್) ಹತ್ತಿರ, ಒಂದು ಸ್ಪಾಂಜ್ ತುಂಡು ಸಿಕ್ಕಿಸಿ. ಮೊದಲ ಪೆಟ್ಟಿಗೆ ಗಟ್ಟಿಯಾಗಿ ಬನ್ನಿ, ಆಮೇಲೆ ಜಾಗ ಬಿಡಿ.

ಸ್ವರಗುಚ್ಛಗಳಿಗೆ, ಅಂದರೆ ಕಾರ್ಡ್‌ಗಳಿಗೆ ಬರೋಣ. ಇದು ನನ್ನ ವಾದ್ಯದ ಕೆಲಸ. ಸಾದಾ ಮೂರು ಸ್ವರದ ಕಾರ್ಡ್‌ಗಳಲ್ಲಿ ಈ ಬಣ್ಣ ಬರುವುದಿಲ್ಲ, ನಾಲ್ಕನೇ ಸ್ವರ ಬೇಕು. ಎಡಗೈಯಲ್ಲಿ ಎಫ್ ಒತ್ತಿ, ಬಲಗೈಯಲ್ಲಿ ಎ, ಸಿ, ಇ. ಇದು ಎಫ್ ಮೇಜರ್ ಸೆವೆಂತ್. ಅಲ್ಲಿಂದ ಇ ಮೈನರ್ ಸೆವೆಂತ್, ಡಿ ಮೈನರ್ ಸೆವೆಂತ್, ಸಿ ಮೇಜರ್ ಸೆವೆಂತ್ ಅಂತ ಒಂದೊಂದೇ ಮೆಟ್ಟಿಲು ಇಳಿಯಿರಿ. ಮತ್ತೆ ಮೇಲಕ್ಕೆ ಹೋಗುವ ಮುಂಚೆ ಎಡಗೈಯಲ್ಲಿ ಜಿ, ಬಲಗೈಯಲ್ಲಿ ಎಫ್, ಎ, ಸಿ ಹಿಡಿದು ಒಂದು ಬಾರ್ ಕಾಯಿರಿ. ಆ ಕಾಯುವಿಕೆಯಲ್ಲಿ ಏನೋ ಒಂದು ಆಸೆ ಇದೆ. ನುಡಿಸಿ ನೋಡಿ, ನಿಮಗೇ ತಿಳಿಯುತ್ತದೆ. ಎಡಗೈಯಲ್ಲಿ ಒಂದೇ ಸ್ವರ ಇರಲಿ. ಎರಡು ಕೈ ತುಂಬಾ ಒತ್ತಿದರೆ ಬೇಸ್ ಗಿಟಾರ್‌ಗೆ ಜಾಗ ಎಲ್ಲಿ?

ಗಿಟಾರ್‌ನ ತೆಳು ತಂತಿಗಳನ್ನು ಎರಡನೇ ಮತ್ತು ನಾಲ್ಕನೇ ಪೆಟ್ಟಿಗೆ ಚುಟುಕಾಗಿ ಮೀಟಿ ಸದ್ದು ನಿಲ್ಲಿಸಿದರೆ ಸಾಕು. ಇಲ್ಲೊಂದು ವಿಷಯ ಹೇಳದೆ ಇರಲಾರೆ. ಅಮೆರಿಕದ ಫಿಲಡೆಲ್ಫಿಯಾದ ಸಂಗೀತ ನಿರ್ಮಾಪಕ ಥಾಮ್ ಬೆಲ್ ಅವರು ಡೆಲ್ಫೋನಿಕ್ಸ್, ಸ್ಟೈಲಿಸ್ಟಿಕ್ಸ್ ತಂಡಗಳಿಗೆ ಮಾಡಿದ ಹಾಡುಗಳಲ್ಲಿ ಎಲೆಕ್ಟ್ರಿಕ್ ಸಿತಾರ್ ಕೇಳಿಸುತ್ತದೆ. ಅದು ಗಿಟಾರ್‌ನಂತೆ ಹಿಡಿದು ನುಡಿಸುವ ವಾದ್ಯ, ಕುದುರೆ ಮಾತ್ರ ಝೇಂಕಾರ ಬರುವ ಹಾಗೆ ಮಾಡಿದ್ದು. ನಮ್ಮ ದೇಶದ ನಾದ ಅಷ್ಟು ದೂರದ ಪ್ರೇಮಗೀತೆಗಳಲ್ಲಿ ಕೂತಿದೆ ಅಂದರೆ ನನಗೆ ಈಗಲೂ ಖುಷಿ. ನಿಮ್ಮ ಪರಿಚಯದಲ್ಲಿ ಸಿತಾರ್ ನುಡಿಸುವವರಿದ್ದರೆ ಕರೆಯಿರಿ, ಹಾಡಿನ ಶುರುವಿನಲ್ಲಿ ನಾಲ್ಕೇ ಸ್ವರ ನುಡಿಸಲಿ.

ವಯಲಿನ್‌ಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಿಲ್ಕ್ ಸೋನಿಕ್ ಹಾಡಿಗೆ ತಂತಿವಾದ್ಯಗಳ ಅರೇಂಜ್‌ಮೆಂಟ್ ಬರೆದವರು ಲ್ಯಾರಿ ಗೋಲ್ಡ್. ಎಪ್ಪತ್ತರ ದಶಕದಲ್ಲಿ ಫಿಲಡೆಲ್ಫಿಯಾದ ಸಿಗ್ಮಾ ಸೌಂಡ್ ಸ್ಟುಡಿಯೋದಲ್ಲಿ ಎಂಎಫ್‌ಎಸ್‌ಬಿ ಅನ್ನುವ ಸ್ಟುಡಿಯೋ ವಾದ್ಯ ತಂಡದ ಜೊತೆ ಚೆಲ್ಲೋ (ವಯಲಿನ್ ಜಾತಿಯ ದೊಡ್ಡ ವಾದ್ಯ) ನುಡಿಸಿದವರು ಅವರು. ಅಂದರೆ ಹೊಸಬರು ಹಳೆಯದನ್ನು ನಕಲು ಮಾಡಲಿಲ್ಲ, ಆ ಕಾಲದ ಕೈಯನ್ನೇ ಕರೆಸಿದರು. ಇದನ್ನು ನಾನು ತುಂಬಾ ಗೌರವಿಸುತ್ತೇನೆ.

ನಮ್ಮ ಊರುಗಳಲ್ಲಿ ಕರ್ನಾಟಕ ಸಂಗೀತದ ವಯಲಿನ್ ನುಡಿಸುವವರು ಸಿಗುತ್ತಾರೆ, ಅಲ್ವಾ? ಅವರ ಹತ್ತಿರ ಹೋಗಿ. ಬಿಳಿ ಒಂದರ ಶ್ರುತಿ (ಅಂದರೆ ಸಿ) ಅಂತ ಹೇಳಿ. ಸ್ವರವನ್ನು ಅಲ್ಲಾಡಿಸದೆ ನೇರವಾಗಿ ನಿಲ್ಲಿಸಲು ಕೇಳಿಕೊಳ್ಳಿ. ಆದರೆ ಜಾರು ಮಾತ್ರ ಬಿಡಿಸಬೇಡಿ. ಕೆಳಗಿನಿಂದ ಜಾರಿ ಮೇಲಿನ ಸ್ವರ ಮುಟ್ಟುವುದು ಈ ಹಾಡುಗಳಿಗೆ ಹೇಳಿ ಮಾಡಿಸಿದ್ದು. ಒಂದೇ ಸಾಲನ್ನು ಅವರಿಂದಲೇ ನಾಲ್ಕು ಸಲ ನುಡಿಸಿ ರೆಕಾರ್ಡ್ ಮಾಡಿ, ಒಂದರ ಮೇಲೊಂದು ಇಡಿ. ಪ್ರತಿ ಸಲ ಮೈಕ್‌ನಿಂದ ಸ್ವಲ್ಪ ಬೇರೆ ದೂರದಲ್ಲಿ ಕೂರಿಸಿ. ಗಾಯಕ ಹಾಡುವಾಗ ವಯಲಿನ್ ಹಿಂದೆ ಸರಿಯಲಿ, ಗಾಯಕ ಉಸಿರು ತೆಗೆದುಕೊಳ್ಳುವಾಗ ಎದ್ದು ಬರಲಿ. ಕೀಬೋರ್ಡ್‌ನ ಸ್ಟ್ರಿಂಗ್ಸ್ ಬಳಸಿದರೂ ಇದೇ ನಿಯಮ. ನಾಲ್ಕು ಬೆರಳು ಒತ್ತಿ ಹಿಡಿದುಕೊಂಡು ಕೂರಬೇಡಿ, ಒಂದೇ ಸಾಲು ನುಡಿಸಿ.

ಹಾಡುವಾಗ ಇಬ್ಬರು ಗಾಯಕರಿದ್ದರೆ ಇಬ್ಬರಿಗೂ ಬೇರೆ ಬೇರೆ ಕೆಲಸ ಕೊಡಿ. ಸಿಲ್ಕ್ ಸೋನಿಕ್ ಹಾಡಿನ ಮೊದಲ ಭಾಗದಲ್ಲಿ ಪಾಕ್ ಮಾತಾಡುವ ಹಾಗೆ ಹಾಡುತ್ತಾರೆ. ಆಮೇಲೆ ಬ್ರೂನೋ ಬಂದು ದನಿ ಬಿಚ್ಚುತ್ತಾರೆ. ಹಿನ್ನೆಲೆಯವರು ಪ್ರತಿ ಸಾಲಿಗೂ ಉತ್ತರ ಕೊಡುತ್ತಾರೆ. ನಿಮ್ಮಲ್ಲಿ ಹಿನ್ನೆಲೆ ಹಾಡುವ ಮೂವರನ್ನು ಒಂದೇ ಮೈಕ್ ಸುತ್ತ ನಿಲ್ಲಿಸಿ. ದೊಡ್ಡ ದನಿಯವರು ಒಂದು ಹೆಜ್ಜೆ ಹಿಂದೆ. ಅವರವರೇ ಹೊಂದಿಸಿಕೊಳ್ಳುತ್ತಾರೆ, ಮಿಕ್ಸಿಂಗ್‌ನಲ್ಲಿ ಒದ್ದಾಡಬೇಕಿಲ್ಲ. ಸಾಹಿತ್ಯ ಸರಳವಾಗಿರಲಿ, ಒಬ್ಬರಿಗೊಬ್ಬರು ನೇರವಾಗಿ ಹೇಳುವ ಮಾತಿರಲಿ. ಕಂಪ್ಯೂಟರ್‌ನಲ್ಲಿ ಸ್ವರ ತಿದ್ದುವ ಆಟೋಟ್ಯೂನ್ ಬೇಡ. ಸ್ವರ ತಪ್ಪಿದರೆ ಮತ್ತೆ ಹಾಡಿಸಿ.

ಇಷ್ಟಾದ ಮೇಲೆ ಪ್ಲಗಿನ್. ಹಳೇ ಟೇಪ್ ರೆಕಾರ್ಡಿಂಗ್‌ನ ಸೌಂಡ್ ಕೊಡುವ ಒಂದನ್ನು ಹಾಕಿ, ಅದು ಇದೆ ಅಂತ ಗೊತ್ತಾಗುವ ಮುಂಚೆಯೇ ಏರಿಸುವುದನ್ನು ನಿಲ್ಲಿಸಿ. ಪ್ಲೇಟ್ ರಿವರ್ಬ್, ಅಂದರೆ ಗುಂಯ್ ಅನ್ನುವ ಬಾಲ ಕೊಡುವ ಎಫೆಕ್ಟ್ ಅನ್ನು ದನಿ ಮತ್ತು ವಯಲಿನ್‌ಗೆ ಮಾತ್ರ ಕೊಡಿ, ಡ್ರಮ್ಸ್ ಅದಿಲ್ಲದೆ ಒಣಗಿದ್ದೇ ಇರಲಿ. ಬೇಸ್ ಅನ್ನು ಕಾರಿನ ಸ್ಪೀಕರ್ ನಡುಗುವಷ್ಟು ಏರಿಸಬೇಡಿ.

ಮುಗಿಸುವ ಬಗ್ಗೆ ರೆಕಾರ್ಡಿಂಗ್ ದಿನವೇ ಯೋಚಿಸಿ. ಆ ಕಾಲದ ಎಷ್ಟೋ ಹಾಡುಗಳು ನಿಧಾನವಾಗಿ ಸಣ್ಣಗಾಗುತ್ತಾ ಮುಗಿಯುತ್ತವೆ. ನಿಮಗೂ ಹಾಗೆ ಬೇಕಿದ್ದರೆ ಕೊನೆಯ ಪಲ್ಲವಿ ಆದಮೇಲೆ ಎರಡು ನಿಮಿಷ ನಿಲ್ಲಿಸದೆ ನುಡಿಸಲು ಎಲ್ಲರಿಗೂ ಹೇಳಿ. ಗಾಯಕರು ಬಾಯಿಗೆ ಬಂದದ್ದನ್ನು ಹಾಡಲಿ, ಡ್ರಮ್ಮರ್ ಕೈ ಬಿಚ್ಚಲಿ. ಒಳ್ಳೆಯದು ಎಲ್ಲಿ ಬಂತು ನೋಡಿ, ಅದು ಮುಗಿದ ಮೇಲೆ ಇಳಿಸಲು ಶುರು ಮಾಡಿ, ಇಪ್ಪತ್ತು ಸೆಕೆಂಡು ತೆಗೆದುಕೊಳ್ಳಿ. ಸದ್ದು ಏರಿಸಿ ಇಳಿಸುವ ಫೇಡರ್ ಅನ್ನು ಕೈಯಿಂದಲೇ ಎಳೆಯಿರಿ.