ಬಿಸಿಲಿಗೆ ಉರಿಯುವ ಕೈಗೆ ಲೋಳೆಸರ

ನನ್ನದು ಬೈಕ್ ಮೇಲೆ ಊರೂರು ಸುತ್ತುವ ಕೆಲಸ. ಇವತ್ತು ಸೇಡಂ, ನಾಳೆ ಜೇವರ್ಗಿ, ನಾಡಿದ್ದು ಚಿತ್ತಾಪುರ. ಏಪ್ರಿಲ್, ಮೇ ಬಂತೆಂದರೆ ಕಲಬುರಗಿಯಲ್ಲಿ 42 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸಲ್ಲ. ಆದರೆ ಚರ್ಮ ಸುಡುವುದು ಸೆಕೆಗಲ್ಲ, ಬಿಸಿಲಿನ ಅಲ್ಟ್ರಾವೈಲೆಟ್ ಕಿರಣಕ್ಕೆ. ಗಾಡಿ ಓಡುವಾಗ ಗಾಳಿ ಬಡಿಯುತ್ತಿರುತ್ತದೆ, ಏನೂ ಗೊತ್ತಾಗಲ್ಲ. ಮನೆಗೆ ಬಂದು ನಾಲ್ಕಾರು ತಾಸಾದ ಮೇಲೆ ಉರಿ ಶುರು. ಮರುದಿನ ಇನ್ನೂ ಜೋರು. ನನ್ನ ಹಾಗೆ ಕಪ್ಪು ಮೈಯವರಿಗೆ ಕೆಂಪು ಅಷ್ಟಾಗಿ ಕಾಣಲ್ಲ. ಮುಟ್ಟಿದರೆ ಬಿಸಿ, ಅಂಗಿಯ ತೋಳು ತಾಗಿದರೂ ಚುರುಚುರು.

ಮೊದಲ ಕೆಲಸ ಚರ್ಮ ತಣಿಸುವುದು. ಮಧ್ಯಾಹ್ನ ಮೇಲಿನ ಟ್ಯಾಂಕಿನ ನೀರು ಕುದಿಯುತ್ತಿರುತ್ತದೆ, ಅದು ಬೇಡ. ಹರವಿ ನೀರಿನಲ್ಲಿ ಹಳೇ ಪಂಚೆ ತುಂಡು ಅದ್ದಿ, ಸುಮ್ನೆ ಕೈಮೇಲೆ ಹಾಕಿಕೊಂಡು ಕೂರುತ್ತೇನೆ. ಕಾಯ್ದಾಗ ಮತ್ತೆ ಅದ್ದುವುದು. ಅವ್ವ ಆ ನೀರಿಗೆ ಲಾವಂಚದ ಬೇರು ಹಾಕುತ್ತಾಳೆ. ಅದರಿಂದ ಉರಿ ಇಳಿಯುತ್ತದೋ ಇಲ್ಲವೋ, ವಾಸನೆಗೆ ಜೀವ ಮಾತ್ರ ತಣ್ಣಗಾಗುತ್ತದೆ.

ಆಮೇಲೆ ಲೋಳೆಸರ. ದೃಷ್ಟಿಗೆಂದು ಬಾಗಿಲಿಗೆ ತೂಗುಹಾಕಿದ್ದನ್ನು ಕೀಳಬೇಡಿ, ಅದರ ಮೇಲೆಲ್ಲ ಧೂಳು. ಕುಂಡದಲ್ಲಿರುವ ಗಿಡದ ಹೊರಗಿನ, ಕೆಳಗಿನ ದಪ್ಪ ಎಲೆ ಒಳ್ಳೆಯದು. ಬುಡದಲ್ಲಿ ಕೊಯ್ದು, ಕೊಯ್ದ ಬದಿ ಕೆಳಗಾಗಿ ಲೋಟದಲ್ಲಿ ನಿಲ್ಲಿಸುತ್ತೇನೆ. ಸಿಪ್ಪೆಯ ಒಳಬದಿಯಿಂದ ಹಳದಿ ರಸ ಹನಿಹನಿಯಾಗಿ ಇಳಿಯುತ್ತದೆ, ಕೆಟ್ಟ ಕಹಿ ವಾಸನೆ. ಕೆಲವರಿಗೆ ಅದು ಹತ್ತಿದರೆ ತುರಿಕೆ, ದದ್ದು. ಲೋಳೆಸರ ಹಚ್ಚಿ ಉರಿ ಜಾಸ್ತಿಯಾಯಿತು ಎನ್ನುವವರಲ್ಲಿ ಎಷ್ಟೋ ಜನ ಈ ರಸ ಇಳಿಸದೆಯೇ ಹಚ್ಚಿರುತ್ತಾರೆ. ಕಾಲು ತಾಸು ಬಿಟ್ಟು, ಎಲೆ ತೊಳೆದು, ಎರಡೂ ಬದಿಯ ಮುಳ್ಳು ಸವರಿ, ಸಿಪ್ಪೆ ತೆಗೆಯಬೇಕು. ಒಳಗೆ ಐಸಿನಂಥ ತಿಳಿ ಲೋಳೆ. ಅದನ್ನೂ ಒಮ್ಮೆ ನೀರಲ್ಲಿ ಆಡಿಸಿ, ತೆಳ್ಳಗೆ ಸವರುತ್ತೇನೆ. ಉಜ್ಜುವುದಿಲ್ಲ. ಹೊಸಬರು ಮೊದಲು ಮೊಣಕೈ ಒಳಬದಿಗೆ ಒಂದಿಷ್ಟು ಹಚ್ಚಿ ನೋಡಲಿ. ಉಳಿದದ್ದು ಫ್ರಿಜ್ಜಿನಲ್ಲಿ ಒಂದು ದಿನ ಇರುತ್ತದೆ, ಬಣ್ಣ ತಿರುಗಿದರೆ ಚೆಲ್ಲಿಬಿಡಿ.

ಇದರಿಂದ ಉರಿ ತಗ್ಗುತ್ತದೆ, ಅಷ್ಟೇ. ಸುಟ್ಟ ಚರ್ಮ ತನ್ನ ಪಾಡಿಗೆ ಸುಲಿದೇ ಸುಲಿಯುತ್ತದೆ, ಕೀಳಬಾರದು.

ಪಕ್ಕದ ಮನೆ ಕಾಕಾ ಪ್ರತಿ ಬೇಸಿಗೆ ಹೇಳುತ್ತಾರೆ, "ನಿಂಬಿಹಣ್ಣ ತಿಕ್ಕೋ ತಮ್ಮಾ, ಕರಿ ಎಲ್ಲಾ ಹೋಗ್ತದ." ಬೇಡವೇ ಬೇಡ. ನಿಂಬೆರಸ ಹತ್ತಿದ ಚರ್ಮಕ್ಕೆ ಮತ್ತೆ ಬಿಸಿಲು ಬಿದ್ದರೆ ಬೊಬ್ಬೆ ಏಳಬಹುದು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಐಸ್ ನೇರವಾಗಿ ಇಡುವುದೂ ತಪ್ಪು. ಬಿಸಿ ಆರುವ ಮೊದಲೇ ಎಣ್ಣೆ, ಬೆಣ್ಣೆ ಬಳಿದರೆ ಕಾವು ಒಳಗೇ ನಿಲ್ಲುತ್ತದೆ.

ಬೊಬ್ಬೆ ಎದ್ದರೆ ಲೋಳೆಸರದ ಗೊಡವೆಗೇ ನಾನು ಹೋಗುವುದಿಲ್ಲ. ಜೊತೆಗೆ ಚಳಿಜ್ವರ, ವಾಂತಿ, ತಲೆಸುತ್ತು ಇದ್ದರಂತೂ ತಡಮಾಡದೆ ಡಾಕ್ಟರ ಹತ್ತಿರ ಓಡಬೇಕು. ಚಿಕ್ಕ ಮಕ್ಕಳಾದರೆ ಇಷ್ಟು ಕಾಯುವುದೂ ಬೇಡ.