ಬೆರಳು ಬಿಡಿ, ಮುಖ ತೋರಿಸಿ: ಮನೆಯಲ್ಲೇ ಜೀವನ ಪ್ರಮಾಣ ಪತ್ರ

ನವೆಂಬರ್ ಬಂತೆಂದರೆ ಶಿರಸಿ, ಕಾರವಾರದ ಬ್ಯಾಂಕುಗಳಲ್ಲಿ ಪಿಂಚಣಿದಾರರ ಸಾಲು ಶುರು. ತಾವು ಬದುಕಿದ್ದೇವೆ ಎಂದು ವರ್ಷಕ್ಕೊಮ್ಮೆ ತೋರಿಸುವ ಜೀವನ ಪ್ರಮಾಣ ಪತ್ರ ಕೊಟ್ಟರೆ ಮಾತ್ರ ಪಿಂಚಣಿ ಮುಂದುವರಿಯುತ್ತದೆ. ಬೆಳಗಿನ ಬಸ್ಸಿಗೆ ಬಂದು ಕಾದವರ ಸರದಿ ಬಂದಾಗ ಬೆರಳಚ್ಚಿನ ಯಂತ್ರ ಒಪ್ಪುವುದಿಲ್ಲ. ಒರೆಸಿ ಇಡಿ, ಇನ್ನೊಂದು ಬೆರಳು ಇಡಿ, ಜೋರಾಗಿ ಒತ್ತಿ. ಕೊನೆಗೆ ‘ನಾಳೆ ಬನ್ನಿ’. ಒಪ್ಪುವುದಾದರೂ ಹೇಗೆ? ಮಾಸ್ತರಿಕೆ ಮಾಡಿ ನಿವೃತ್ತರಾದವರೂ ಘಟ್ಟದ ಮೇಲೆ ಅಡಿಕೆ ಸುಲಿಯದೇ ಇರುವುದಿಲ್ಲ. ಮೆಟ್ಟುಗತ್ತಿ ಮುಂದೆ ಕೂತು ಕೂತು ಬೆರಳ ತುದಿ ಕಪ್ಪಾಗಿ, ನುಣ್ಣಗಾಗಿರುತ್ತದೆ. ಕರಾವಳಿಯಲ್ಲಾದರೆ ಮೀನು, ಬಲೆ, ಉಪ್ಪುನೀರು. ಗೆರೆಯೇ ಇಲ್ಲದ ಬೆರಳಲ್ಲಿ ಯಂತ್ರ ಏನು ಓದಬೇಕು?

ಅದಕ್ಕೇ ನನ್ನ ಸಲಹೆ ಒಂದೇ: ಬೆರಳಿನ ಸಹವಾಸವೇ ಬೇಡ. ಮುಖ ತೋರಿಸಿ ಪ್ರಮಾಣ ಪತ್ರ ಮಾಡುವ ಸೌಲಭ್ಯ 2021ರಿಂದಲೇ ಇದೆ. ಆದರೂ ಜನ ಬೆರಳಚ್ಚಿನ ಸಾಧನ ಕೊಳ್ಳಲು ಹೊರಡುತ್ತಾರೆ. ಮನೆ ಬಳಕೆಗೆ ಅದು ದಂಡ.

ಯಾರಿಗೆ, ಯಾವಾಗ? ಸರ್ಕಾರಿ ನಿವೃತ್ತರಿಗೆ, ಕುಟುಂಬ ಪಿಂಚಣಿ ಪಡೆಯುವವರಿಗೆ ನವೆಂಬರ್ ತಿಂಗಳು. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ದಾಂಡೇಲಿಯ ಕಾಗದ ಕಾರ್ಖಾನೆಯಂಥ ಕಡೆ ದುಡಿದು ಪಿಎಫ್ ಪಿಂಚಣಿ ಪಡೆಯುವವರಿಗೆ ನವೆಂಬರ್ ಕಟ್ಟುಪಾಡಿಲ್ಲ. ವರ್ಷದಲ್ಲಿ ಯಾವಾಗ ಕೊಟ್ಟರೂ ಅಲ್ಲಿಂದ 12 ತಿಂಗಳು ನಡೆಯುತ್ತದೆ. ಅವರು ನವೆಂಬರ್ ಸಾಲಿನಲ್ಲಿ ಸುಮ್ನೆ ನಿಲ್ಲುವುದು ಯಾಕೆ? ಸಂಧ್ಯಾ ಸುರಕ್ಷಾ, ವಿಧವಾ ವೇತನದವರ ದಾರಿ ಬೇರೆ. ಅದನ್ನು ನಾಡಕಚೇರಿಯಲ್ಲಿ ವಿಚಾರಿಸಿ.

ಮೊದಲು ಆಧಾರ್ ಕಾರ್ಡ್, ಪಿಂಚಣಿ ಆದೇಶದ ಪ್ರತಿ, ಬ್ಯಾಂಕ್ ಪಾಸ್‌ಬುಕ್, ಮೊಬೈಲ್ ಇಷ್ಟನ್ನೂ ಎದುರಿಗೆ ಇಟ್ಟುಕೊಳ್ಳಿ. ಪಿಪಿಒ (ಪಿಂಚಣಿ ಪಾವತಿ ಆದೇಶ) ನಂಬರನ್ನು ಆದೇಶ ನೋಡಿಯೇ ತುಂಬಿ, ಬಾಯಿಪಾಠದಿಂದ ಬೇಡ.

ಆಮೇಲೆ ಪ್ಲೇ ಸ್ಟೋರ್‌ನಿಂದ ಎರಡು ಆ್ಯಪ್ ಹಾಕಿಕೊಳ್ಳಿ: ‘ಆಧಾರ್ ಫೇಸ್ ಆರ್‌ಡಿ’ ಮತ್ತು ‘ಜೀವನ್ ಪ್ರಮಾಣ್’. ಮೊದಲನೆಯದು ಇನ್‌ಸ್ಟಾಲ್ ಆದರೂ ಪರದೆಯ ಮೇಲೆ ಎಲ್ಲೂ ಕಾಣುವುದಿಲ್ಲ. ಆಗಲಿಲ್ಲವೇನೋ ಎಂದು ಮತ್ತೆ ಮತ್ತೆ ತೆಗೆದು ಹಾಕುವವರಿದ್ದಾರೆ. ಅದು ತೆರೆಮರೆಯಲ್ಲಿ ಕೆಲಸ ಮಾಡುವ ಆ್ಯಪ್, ತನ್ನ ಪಾಡಿಗೆ ಇರಲಿ ಬಿಡಿ. ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳಿಸಿದ ಫೈಲಿನಿಂದ ಮಾತ್ರ ಏನನ್ನೂ ಹಾಕಿಕೊಳ್ಳಬೇಡಿ. ‘ಜೀವನ ಪ್ರಮಾಣ ನವೀಕರಿಸುತ್ತೇವೆ, ಒಟಿಪಿ ಹೇಳಿ’ ಎಂದು ಫೋನ್ ಬಂದರೆ ಅದು ಕಳ್ಳರ ಫೋನೇ. ಇಟ್ಟುಬಿಡಿ.

ಆ್ಯಪ್ ತೆರೆದಾಗ ಮೊದಲು ಕೇಳುವುದು ಫೋನ್ ನಡೆಸುವವರ ಆಧಾರ್ ಮತ್ತು ಮುಖ. ಅಂದರೆ ಮಗಳದ್ದೋ ಮೊಮ್ಮಗನದ್ದೋ. ಇಲ್ಲೇ ಅಜ್ಜನ ಮುಖ ಹಿಡಿದು ಕೆಲಸ ಮುಗಿಯಿತೆಂದು ಫೋನ್ ಮುಚ್ಚಿಡುವುದನ್ನು ನೋಡಿದ್ದೇನೆ. ಇದು ಬರೀ ಬಾಗಿಲು. ಅಜ್ಜನ ಸರದಿ ಮುಂದಿದೆ. ಒಮ್ಮೆ ನೋಂದಾಯಿಸಿದರೆ ಅದೇ ಫೋನಿನಲ್ಲಿ ಕೇರಿಯವರಿಗೆಲ್ಲ ಮಾಡಿಕೊಡಬಹುದು.

ಮುಂದಿನ ಫಾರ್ಮಿನಲ್ಲಿ ಎರಡು ಕಡೆ ಕಣ್ಣಿಟ್ಟು ತುಂಬಿ. ಗಂಡನ ನಿಧನದ ನಂತರ ಬರುವ ಪಿಂಚಣಿಗೆ ‘ಕುಟುಂಬ’ ಎಂದೇ ಆರಿಸಬೇಕು, ‘ಸೇವಾ’ ಅಲ್ಲ. ಪಿಂಚಣಿ ಮಂಜೂರು ಮಾಡಿದವರು ಬೇರೆ, ಹಣ ಕೊಡುವ ಬ್ಯಾಂಕ್ ಬೇರೆ. ಇವು ಅದಲು ಬದಲಾದರೆ ಪತ್ರ ತಯಾರಾಗುತ್ತದೆ, ಆದರೆ ತಲುಪಬೇಕಾದಲ್ಲಿಗೆ ತಲುಪುವುದಿಲ್ಲ. ಎರಡು ಪಿಂಚಣಿ ಇದ್ದರೆ ಎರಡು ಪತ್ರ ಮಾಡಬೇಕು.

ಈಗ ಮುಖ. ಕೆಡುವುದು ಜಾಸ್ತಿ ಇಲ್ಲೇ. ನಮ್ಮ ಹೆಂಚಿನ ಮನೆಗಳ ಒಳಗೆ ಹಗಲಲ್ಲೂ ಮಬ್ಬು. ನಡುಮನೆಯ ಟ್ಯೂಬ್‌ಲೈಟ್ ಕೆಳಗೆ ಕೂರಿಸಿದರೆ ಹಣೆ ಹೊಳೆಯುತ್ತದೆ, ಕಣ್ಣಿನ ಗುಳಿ ಕಪ್ಪಾಗುತ್ತದೆ, ಆ್ಯಪ್ ಕೈಯೆತ್ತುತ್ತದೆ. ಜಗಲಿಗೆ ಕರೆತನ್ನಿ. ಬೆನ್ನು ಗೋಡೆಗೆ, ಮುಖ ಅಂಗಳಕ್ಕೆ. ಇದನ್ನು ತಿರುಗುಮುರುಗು ಮಾಡಬೇಡಿ, ಬೆಳಕು ಹಿಂದಿನಿಂದ ಬಂದರೆ ಮುಖ ಬರೀ ನೆರಳು. ಗೋಡೆಯಲ್ಲಿ ದೇವರ ಪಟವೋ ಹಿರಿಯರ ಫೋಟೋವೋ ಇದ್ದರೆ ಆ ಜಾಗ ಬಿಟ್ಟು ಕೂರಿಸಿ. ಹಿಂದೆ ಇಣುಕುವ ಮಕ್ಕಳನ್ನು ಆಚೆ ಕಳಿಸಿ. ಕನ್ನಡಕ, ಮಫ್ಲರ್, ತಲೆಗೆ ಸುತ್ತಿದ ಟವೆಲ್ ತೆಗೆಸಿ.

ಫೋನನ್ನು ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ನಿಂತುಕೊಂಡು ಮೇಲಿನಿಂದ ಹಿಡಿಯಬೇಡಿ, ನೀವೂ ಕೂತುಕೊಳ್ಳಿ. ವೃತ್ತದೊಳಗೆ ಮುಖ ಪೂರ್ತಿ ಬಂದ ಮೇಲೆ ರೆಪ್ಪೆ ಮಿಟುಕಿಸಬೇಕು. ಫೋಟೋ ಎಂದರೆ ನಮ್ಮ ಹಿರಿಯರು ಕಣ್ಣರಳಿಸಿ, ಉಸಿರು ಹಿಡಿದು ಕೂರುವವರು. ‘ಕಣ್ಣು ಮುಚ್ಚಿ’ ಎಂದರೆ ಮುಚ್ಚಿಯೇ ಬಿಡುತ್ತಾರೆ, ತೆರೆಯುವುದಿಲ್ಲ! ಫೋನ್ ಹಿಡಿಯುವ ಮೊದಲೇ ಒಂದೆರಡು ಸಲ ಅಭ್ಯಾಸ ಮಾಡಿಸಿ: ಮುಚ್ಚಿ, ತೆರೆಯಿರಿ, ನಿಧಾನಕ್ಕೆ. ಕಿವಿ ಮಂದ ಇರುವವರಿಗೆ ಕೂಗಿ ಹೇಳಿದರೆ ತಲೆ ತಿರುಗಿಸುತ್ತಾರೆ. ಅವರ ಮೊಣಕಾಲು ಮುಟ್ಟಿ ಸನ್ನೆ ಮಾಡುವುದು ಒಳ್ಳೆಯದು. ಕಣ್ಣಿನ ಪೊರೆ ತೆಗೆಸಿದ್ದು ಮೊನ್ನೆಮೊನ್ನೆಯಾದರೆ ಸ್ವಲ್ಪ ದಿನ ಕಾಯಿರಿ. ಹೇಗೆ ಮಾಡಿದರೂ ಒಪ್ಪದಿದ್ದರೆ ಆಧಾರ್‌ನಲ್ಲಿರುವ ಫೋಟೋ ಹಳೆಯದಾಗಿರಬಹುದು. ಆಧಾರ್ ಕೇಂದ್ರದಲ್ಲಿ ಹೊಸದು ತೆಗೆಸಿ.

ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಯಲ್ಲಿ ಸಿಗ್ನಲ್ ಸಿಗುವುದು ಗುಡ್ಡದ ಮೇಲೆ. ಫೋನ್ ಒಂದೇ ಅಲ್ಲಿಗೆ ಹೋದರೆ ಸಾಲದು, ಅಜ್ಜಿಯೂ ಬೇಕಲ್ವಾ? ಅಂಥವರು ಮುಂದಿನ ಸಲ ಪೇಟೆಗೆ ಬಂದಾಗ ನೆಂಟರ ಮನೆಯಲ್ಲಿ ಮಾಡಿಸಿ.

ಮುಗಿದ ಮೇಲೆ ಪ್ರಮಾಣ್ ಐಡಿ, ಅಂದರೆ ಪತ್ರದ ಗುರುತಿನ ಸಂಖ್ಯೆ ಇರುವ ಮೆಸೇಜ್ ಬರುತ್ತದೆ. ಅದನ್ನು ನೋಡಿ ನಿರಾಳರಾಗಬೇಡಿ. ಪತ್ರ ತಯಾರಾಗಿದೆ ಎಂದಷ್ಟೇ ಅದರ ಅರ್ಥ. ಪಿಂಚಣಿ ಕೊಡುವವರು ಒಪ್ಪಿದರೋ, ತಿರಸ್ಕರಿಸಿದರೋ ಎಂಬುದು ಆಮೇಲೆ ಗೊತ್ತಾಗುತ್ತದೆ. ಅದಕ್ಕೇ ಕೊನೆಯ ವಾರಕ್ಕೆ ಇಡಬೇಡಿ ಎನ್ನುವುದು. ನವೆಂಬರ್ ಎರಡನೇ ವಾರ ನನ್ನ ಆಯ್ಕೆ. ತಿರಸ್ಕಾರವಾದರೂ ಸರಿಪಡಿಸಲು ಸಮಯ ಇರುತ್ತದೆ.

ಸ್ಮಾರ್ಟ್‌ಫೋನೇ ಇಲ್ಲವೇ? ಅಂಚೆ ಕಚೇರಿಗೆ ಹೇಳಿದರೆ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುತ್ತಾರೆ, ಶುಲ್ಕ 70 ರೂಪಾಯಿ. ಬ್ಯಾಂಕಿನಲ್ಲಿ ಕಾಗದದ ಫಾರ್ಮ್ ಕೂಡ ಇನ್ನೂ ನಡೆಯುತ್ತದೆ, ಕೊಟ್ಟಿದ್ದಕ್ಕೆ ಸ್ವೀಕೃತಿ ಪಡೆಯದೆ ಹೊರಡಬೇಡಿ. ಅವಧಿ ತಪ್ಪಿ ಪಿಂಚಣಿ ನಿಂತರೂ ಗಾಬರಿ ಬೇಡ. ಪತ್ರ ಕೊಟ್ಟ ಮೇಲೆ ನಿಂತ ತಿಂಗಳುಗಳ ಬಾಕಿಯೂ ಸೇರಿ ಜಮಾ ಆಗುತ್ತದೆ.